ವಾಯುನೆಲೆಯ ಸದ್ದಿನ ನಕ್ಷೆ: ನಾಯ್ಸ್‌ಮ್ಯಾಪ್, ಎಇಡಿಟಿ, ಎಎಎಂ

ಅಮೆರಿಕದ ಸೇನಾ ವಾಯುನೆಲೆಯ ಸುತ್ತ ಭೂಬಳಕೆ ಯೋಜಿಸುವವರು ಮೊದಲು ನೋಡಬೇಕಾದದ್ದು ಅಲ್ಲಿ ಏನು ಹಾರುತ್ತದೆ ಎಂಬುದನ್ನು. ವಿಮಾನಗಳ ಸದ್ದು ಎಲ್ಲಿ ಎಷ್ಟೆಂದು ಲೆಕ್ಕಹಾಕುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದು ತಕ್ಕದ್ದೆಂಬುದು ಅದರ ಮೇಲೆ ನಿಂತಿದೆ.

ಫೈಟರ್‌ಗಳೇ ಹೆಚ್ಚಿದ್ದರೆ ಸಾಮಾನ್ಯವಾಗಿ ನಾಯ್ಸ್‌ಮ್ಯಾಪ್ ಸಾಕು. ಹಾರಾಟದ ಹಾದಿಯುದ್ದಕ್ಕೂ ಎಂಜಿನ್ ಪವರ್, ವೇಗ, ಎತ್ತರವನ್ನು ಬಿಂದುಬಿಂದುವಿಗೂ ಕೊಡಬಹುದು. ನೆಲದ ಮೇಲಿನ ಎಂಜಿನ್ ಪರೀಕ್ಷೆಯೂ ಲೆಕ್ಕಕ್ಕೆ ಬರುತ್ತದೆ. ಕಷ್ಟವೆಲ್ಲ ಮಾಹಿತಿ ಕೂಡಿಸುವುದರಲ್ಲಿ. ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಭಾಗ) ಎಲ್ಲಿ ಆಫ್ ಮಾಡುತ್ತಾರೆಂದು ಪೈಲಟ್‌ಗಳನ್ನೇ ಕೇಳಬೇಕು, ಕೈಪಿಡಿ ನೋಡಿ ಊಹಿಸಿದರೆ ನಕ್ಷೆ ಕೆಟ್ಟಿತೆಂದೇ ಲೆಕ್ಕ.

ನಾಗರಿಕ ವಿಮಾನ ನಿಲ್ದಾಣದ ಕೆಲಸಕ್ಕೆ ಅಮೆರಿಕದ ನಾಗರಿಕ ವಿಮಾನಯಾನ ಸಂಸ್ಥೆ ಎಫ್‌ಎಎ ಕೇಳುವುದು ಎಇಡಿಟಿ. 2015ರಲ್ಲಿ ಐಎನ್‌ಎಂ ಎಂಬ ಹಳೆಯ ಸಾಫ್ಟ್‌ವೇರ್‌ನ ಜಾಗಕ್ಕೆ ಬಂದ ಇದು ಇಂಧನ, ಹೊಗೆಯ ಲೆಕ್ಕವನ್ನೂ ಜೊತೆಗೇ ಕೊಡುತ್ತದೆ. ಫೈಟರ್‌ಗಳಿಗೆ ಮಾತ್ರ ಇದರ ಸಿದ್ಧ ಪ್ರೊಫೈಲ್ (ಎತ್ತರ, ವೇಗ, ಪವರ್‌ನ ಮಾದರಿ) ನೆಚ್ಚಿಕೊಳ್ಳಬೇಡಿ. ಎರಡೂ ಬಗೆಯ ವಿಮಾನ ಒಂದೇ ರನ್‌ವೇ ಬಳಸುವಲ್ಲಿ ನಾಗರಿಕ ಭಾಗಕ್ಕೆ ಎಇಡಿಟಿ, ಸೇನಾ ಭಾಗಕ್ಕೆ ನಾಯ್ಸ್‌ಮ್ಯಾಪ್ ಓಡಿಸಿ, ಎರಡರ ಗ್ರಿಡ್‌ಗಳನ್ನು (ನೆಲದ ಬಿಂದುಬಿಂದುವಿನ ಸದ್ದಿನ ಅಂಕಿಗಳನ್ನು) ಶಕ್ತಿಯ ಲೆಕ್ಕದಲ್ಲಿ ಕೂಡಿಸಬಹುದು: 65ಕ್ಕೆ 65 ಸೇರಿದರೆ 68 ಡೆಸಿಬೆಲ್.

ಮೂರನೆಯದಾದ ಎಎಎಂ ವಿಮಾನದ ಚಲನೆಯನ್ನು ಕ್ಷಣಕ್ಷಣವೂ ಅನುಕರಿಸುತ್ತದೆ. ದಿಕ್ಕಿಗೊಂದು ಸದ್ದು ಮಾಡುವ ಹೆಲಿಕಾಪ್ಟರ್, ಅತಿ ಜೋರಿನ ಹೊಸ ಜೆಟ್‌ಗಳಿಗೆ ಇದು ತಕ್ಕದ್ದು. ಆದರೆ ಇದು ಓಡುವುದು ನಿಧಾನ; ಸದ್ದು ಅಳತೆ ಮಾಡಿದ ದತ್ತಾಂಶ ಇಲ್ಲದ ವಿಮಾನಕ್ಕೆ ಉಪಯೋಗವಿಲ್ಲ.

ಯಾವುದನ್ನೇ ಹಿಡಿದರೂ ರಾತ್ರಿಯ ಹಾರಾಟಗಳ ಸಂಖ್ಯೆ ಎರಡು ಸಲ ಪರಿಶೀಲಿಸಿ. ಹಗಲು-ರಾತ್ರಿಯ ಸದ್ದಿನ ಸರಾಸರಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಪ್ರತಿ ಹಾರಾಟಕ್ಕೆ 10 ಡೆಸಿಬೆಲ್ ಸೇರುತ್ತದೆ, ಅಂದರೆ ಒಂದು ಹಾರಾಟ ಹತ್ತಕ್ಕೆ ಸಮ. ಅಲ್ಲಿ ತಪ್ಪಿದರೆ ಮನೆ ಕಟ್ಟುವುದು ಬೇಡವೆನ್ನುವ 65 ಡೆಸಿಬೆಲ್‌ನ ಗೆರೆಯೇ ಪಕ್ಕದ ಬಡಾವಣೆಗೆ ಜರುಗುತ್ತದೆ.