ವಿಟ್‌ವರ್ತ್ ಸ್ಪ್ಯಾನರ್ ಸೆಟ್, ಏಳು ವರ್ಷ ಬಳಸಿದ ಮೇಲೆ (ಹಳೇ ಬ್ರಿಟಿಷ್ ಬೈಕ್ ಇಟ್ಕೊಂಡಿರೋರು ಓದಿ)

ನಾನಿರೋದು ಬರ್ಮಿಂಗ್‌ಹ್ಯಾಮಲ್ಲಿ. 2018ರಲ್ಲಿ ಒಂದು ಬಿಎಸ್ಎ ಬ್ಯಾಂಟಮ್ ಡಿ7 ತಗೊಂಡೆ, 1962ರ ಗಾಡಿ, 172 ಸಿಸಿ ಟೂ ಸ್ಟ್ರೋಕು, ಮೂರೇ ಗೇರು. ಇದು ಹುಟ್ಟಿದ್ದು ಇದೇ ಊರಿನ ಸ್ಮಾಲ್ ಹೀತ್ ಫ್ಯಾಕ್ಟರೀಲಿ. ಗಾಡಿ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ನಾನು ಬರೀತಿರೋದು ಗಾಡಿ ತಗೊಂಡ ಎರಡನೇ ವಾರ ಕೊಂಡ ವಿಟ್‌ವರ್ತ್ ಸ್ಪ್ಯಾನರ್ ಸೆಟ್ (ಹಳೇ ಬ್ರಿಟಿಷ್ ಇಂಚಿನ ನಟ್ಟು ಬೋಲ್ಟಿಗೆ ಬರೋದು) ಬಗ್ಗೆ, ಯಾಕಂದ್ರೆ ಹೊಸದಾಗಿ ಇಂಥ ಬೈಕ್ ತಗೊಳ್ಳೋರು ಮೊದಲು ಸೀಟು, ಟ್ಯಾಂಕ್ ಪೇಂಟು ಅಂತ ದುಡ್ಡು ಸುರೀತಾರೆ, ಸ್ಪ್ಯಾನರ್ ಮಾತ್ರ ಮನೇಲಿರೋದೇ ಸಾಕು ಅನ್ಕೋತಾರೆ. ನಾನೂ ಹಂಗೇ ಅನ್ಕೊಂಡಿದ್ದೆ.

ಮೊದಲನೇ ವಾರ ನನ್ನ ಹತ್ರ ಇದ್ದಿದ್ದು ಎಂಎಂ ಸೆಟ್ಟು. 13 ಹಾಕಿದ್ರೆ ನಟ್ಟಿಗೆ ಕೂರಲ್ಲ, 14 ಹಾಕಿದ್ರೆ ಲೊಡಲೊಡ ಅನ್ನುತ್ತೆ, ಸ್ವಲ್ಪ ಜೋರು ಕೊಟ್ಟೆ, ನಟ್ಟಿನ ಎರಡು ಮೂಲೆ ಸವೆದು ಹೋಯ್ತು. ಆಗ ನೆನಪಾಗಿದ್ದು ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಹಳೇ ಬುಲೆಟ್ಟು. ಅದರ ಮೂಲ ಡಿಸೈನೂ ಇಂಗ್ಲೆಂಡಿನದೇ ತಾನೆ, ರೆಡ್ಡಿಚ್ಚಿಂದು, ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ ದಾರಿ. ಹಾಸನದ ಮೇಸ್ತ್ರಿ ಒಂದು ಎಣ್ಣೆ ಬಟ್ಟೇಲಿ ಐದಾರು ಸ್ಪ್ಯಾನರ್ ಬೇರೆ ಸುತ್ತಿಡ್ತಿದ್ರು, ಮುಟ್ಟೋಕೆ ಹೋದ್ರೆ "ಲೇ ಮಗಾ, ಅದು ಇಂಚಿನ ನಟ್ಟು ಕಣೋ, ಎಂಎಂದು ಹಾಕಿ ಮೂಲೆ ತೆಗೀಬೇಡ" ಅಂತಿದ್ರು. ಆಗ ನಾನು ಹುಡುಗ, ಏನೂ ಅರ್ಥ ಆಗಿರ್ಲಿಲ್ಲ.

ಸೆಟ್ಟಿಗೆ ಬರ್ತೀನಿ. ಒಂದು ಕಡೆ ರಿಂಗ್ ಇನ್ನೊಂದು ಕಡೆ ಓಪನ್ ಇರೋ ಕಾಂಬಿನೇಷನ್ ಸೆಟ್ಟು, ಹೊಸದು, ಜೊತೆಗೆ ಒಂದು ಸಾಕೆಟ್ ಸೆಟ್ಟು. ದೊಡ್ಡ ಹೆಸರಿನ ಕಂಪನೀದಲ್ಲ. ಮೊದಲು ತಲೆ ಕೆಟ್ಟಿದ್ದು ನಂಬರ್ ನೋಡಿ. 1/4 ಅಂತ ಬರೆದಿರೋ ಸ್ಪ್ಯಾನರ್ ಬಾಯಿ ಕಾಲಿಂಚು ಇಲ್ವೇ ಇಲ್ಲ, ಅಳೆದ್ರೆ 13.3 ಎಂಎಂ! ವಿಷಯ ಏನಂದ್ರೆ ವಿಟ್‌ವರ್ತ್ ಪದ್ಧತೀಲಿ ಸ್ಪ್ಯಾನರ್ ಮೇಲಿರೋ ಅಳತೆ ಬಾಯಿದಲ್ಲ, ಬೋಲ್ಟಿನ ದಪ್ಪದ್ದು. 3/16 ಅಂದ್ರೆ ಬಾಯಿ 11.3, 5/16 ಅಂದ್ರೆ 15.2, 3/8 ಅಂದ್ರೆ 18. ಈ ಕೊನೇದೊಂದಕ್ಕೆ ಮಾತ್ರ 18 ಎಂಎಂ ಸ್ಪ್ಯಾನರ್ ಚೆನ್ನಾಗಿ ಕೂರುತ್ತೆ, ಅದನ್ನ ನೋಡಿ ಉಳಿದವಕ್ಕೂ ಎಂಎಂ ನಡೆಯುತ್ತೆ ಅನ್ಕೋಬೇಡಿ. ಇನ್ನೊಂದು, ಅದೇ ಸ್ಪ್ಯಾನರ್ ಮೇಲೆ ಎರಡೆರಡು ಅಳತೆ ಇರುತ್ತೆ, 1/4 ಡಬ್ಲ್ಯೂ (ವಿಟ್‌ವರ್ತ್) ಪಕ್ಕದಲ್ಲಿ 5/16 ಬಿಎಸ್ (ಬಿಎಸ್ಎಫ್ ಅನ್ನೋ ಇನ್ನೊಂದು ಬ್ರಿಟಿಷ್ ಪದ್ಧತಿ). ಸಣ್ಣ ಥ್ರೆಡ್ಡಿನ ಬಿಎಸ್ಎಫ್ ಬೋಲ್ಟಿಗೆ ತಲೆ ಒಂದು ಸೈಜ್ ಚಿಕ್ಕದು, ಅದಕ್ಕೆ. ಎರಡನೇ ಮಹಾಯುದ್ಧದಲ್ಲಿ ಉಕ್ಕು ಉಳಿಸೋಕೆ ಅಂತ ದಪ್ಪ ಥ್ರೆಡ್ಡಿನ ವಿಟ್‌ವರ್ತ್ ಬೋಲ್ಟ್ ತಲೇನೂ ಒಂದು ಸೈಜ್ ಇಳಿಸಿದ್ರು, ಹಂಗಾಗಿ ಯುದ್ಧಕ್ಕೆ ಮುಂಚಿನ ಬೋಲ್ಟೂ ಆಮೇಲಿನ ಬೋಲ್ಟೂ ಒಂದೇ ದಪ್ಪ ಇದ್ರೂ ಸ್ಪ್ಯಾನರ್ ಬೇರೆ ಬೇರೆ ಬೇಕು.

ಈ ಸೆಟ್ಟಿಂದ ನನಗಾದ ದೊಡ್ಡ ಉಪಕಾರ ಬಿಚ್ಚೋದು ಕಟ್ಟೋದು ಅಷ್ಟೇ ಅಲ್ಲ, ಗಾಡೀಲಿ ಏನು ಒರಿಜಿನಲ್ ಏನು ಆಮೇಲೆ ಸೇರಿಸಿದ್ದು ಅಂತ ಇದೇ ತೋರಿಸ್ಕೊಡ್ತು. ನನ್ನ ಗಾಡಿ ಕಾಲದ ಬ್ಯಾಂಟಮ್ಮಲ್ಲಿ ಎಂಜಿನ್ ನಂಬರೂ ಫ್ರೇಮ್ ನಂಬರೂ ಒಂದೇ ಇರಲ್ಲ, ಫ್ಯಾಕ್ಟರಿಯಿಂದಲೇ ಬೇರೆ ಬೇರೆ, ಅದಕ್ಕೆ ನಂಬರ್ ಮ್ಯಾಚ್ ಆಗ್ಲಿಲ್ಲ ಅಂತ ಗಾಬರಿ ಬೀಳೋದೂ ಬೇಡ, ಬರೀ ನಂಬರ್ ನೋಡಿ ನಂಬೋದೂ ಬೇಡ. ನಟ್ಟು ನೋಡಿ. ನನ್ನ ಗಾಡಿ ಸಿಲಿಂಡರ್ ಹೆಡ್ಡಿಗೆ ನಾಲ್ಕು ನಟ್ಟು, ಮೂರಕ್ಕೆ 1/4 ಡಬ್ಲ್ಯೂ ರಿಂಗು ಕ್ಲೀನಾಗಿ ಕೂತ್ಕೋತು, ನಾಲ್ಕನೇದಕ್ಕೆ ಸಡಿಲ. ಎಂಎಂ ಸೆಟ್ಟಿನ 13 ತಂದು ಹಾಕಿದೆ, ಅಚ್ಚು ಹೊಯ್ದಂಗೆ ಕೂತ್ಕೋತು. ಅಂದ್ರೆ ಯಾರೋ ಎಂ8 ನಟ್ಟನ್ನ (8 ಎಂಎಂ ಬೋಲ್ಟಿಂದು) 5/16ರ ಸ್ಟಡ್ಡಿಗೆ (ತಲೆ ಇಲ್ಲದ ಬೋಲ್ಟು) ಬಲವಂತವಾಗಿ ತಿರುಗಿಸಿದಾರೆ! 5/16 ಅಂದ್ರೆ 7.94 ಎಂಎಂ, 8ಕ್ಕೆ ಎಷ್ಟು ಹತ್ರ ನೋಡಿ, ಮೊದಲೆರಡು ಸುತ್ತು ಹೋಗ್ಬಿಡುತ್ತೆ, ಆಮೇಲೆ ಥ್ರೆಡ್ ಕತ್ತರಿಸ್ಕೊಂಡು ಕೂರುತ್ತೆ. ಆ ಮೂಲೇಲೇ ಫಿನ್ನುಗಳ (ಎಂಜಿನ್ ತಂಪು ಮಾಡೋ ರೆಕ್ಕೆಗಳ) ಮೇಲೆ ಕಪ್ಪು ಎಣ್ಣೆ ಜಿನುಗಿತ್ತು, ಎಂಜಿನ್ ಬಿಸಿಯಾದ್ಮೇಲೆ ಫಟ್ ಫಟ್ ನಡುವೆ ಚುಸ್ ಚುಸ್ ಅಂತ ಬರ್ತಿತ್ತು. ಎರಡು ತಿಂಗಳಿಂದ ಕಾರ್ಬೊರೇಟರ್ ಜೆಟ್ಟು, ಪ್ಲಗ್ಗು ಅಂತ ಎಲ್ಲೆಲ್ಲೋ ಹುಡುಕ್ತಿದ್ದ ಕಾಯಿಲೆ ಒಂದು ನಟ್ಟಿನಲ್ಲಿತ್ತು. ಹೊಸ ಸ್ಟಡ್ಡು ಹೊಸ ನಟ್ಟು ಹಾಕಿ ನಾಲ್ಕನ್ನೂ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ ಮೇಲೆ ಇವತ್ತಿನವರೆಗೂ ಆ ಸದ್ದು ಬಂದಿಲ್ಲ.

ಇದರ ಜೊತೆ ಥ್ರೆಡ್ ಗೇಜ್ (ಥ್ರೆಡ್ ಅಳೆಯೋ ಹಲ್ಲಿನ ತೆಳು ಎಲೆಗಳ ಗೊಂಚಲು) ಒಂದು ತಗೊಳ್ಳಲೇಬೇಕು, ಸ್ಪ್ಯಾನರ್ ಕೂತ್ರೆ ಥ್ರೆಡ್ಡೂ ಸರಿ ಅಂತಲ್ಲ. ಬೈಕುಗಳಲ್ಲಿ ಸೈಕಲ್ ಥ್ರೆಡ್ ಅಂತ ಇನ್ನೊಂದು ಜಾತಿ ಇದೆ, ಸಾಮಾನ್ಯವಾಗಿ ಇಂಚಿಗೆ 26 ಸುತ್ತು. ಕಾಲಿಂಚಿನ ಬಿಎಸ್ಎಫ್‌ಗೂ ಇಂಚಿಗೆ 26ರೇ, ಆದ್ರೆ ಅದರ ಕೋನ 55 ಡಿಗ್ರಿ, ಸೈಕಲ್ ಥ್ರೆಡ್ಡಿಂದು 60. ಗೇಜ್ ಎಲೆ ಇಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರೆ ಮಾತ್ರ ಹಲ್ಲಿನ ಪಕ್ಕ ಕೂದಲೆಳೆಯಷ್ಟು ಬೆಳಕು ಕಾಣುತ್ತೆ. ಅದನ್ನ ನನಗೆ ತೋರಿಸಿಕೊಟ್ಟಿದ್ದು ಪಕ್ಕದ ಮನೆಯ ತಾತ, ಎಂಬತ್ತು ದಾಟಿದಾರೆ, ಕೈ ನಡುಗುತ್ತೆ, ಆದ್ರೂ ನಟ್ಟನ್ನ ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿ ಇದು ಇದರದ್ದಲ್ಲ ಅಂತ ಹೇಳ್ಬಿಡ್ತಾರೆ.

ಈಗ ಸೆಟ್ಟಿನ ಕೊರತೆ. 3/16ರ ಓಪನ್ ಬಾಯಿ ಮೂರನೇ ವರ್ಷಕ್ಕೆ ಅಗಲ ಆಯ್ತು, ಈಗ ಅದರ ರಿಂಗ್ ಕಡೆ ಮಾತ್ರ ಉಪಯೋಗ. ಸಾಕೆಟ್ಟುಗಳ ಗೋಡೆ ತೀರಾ ದಪ್ಪ, ಫಿನ್ ಪಕ್ಕದಲ್ಲಿರೋ ನಟ್ಟಿಗೆ ಇಳಿಯೋದೇ ಇಲ್ಲ, ದುಡ್ಡು ದಂಡ ಅಂತಲೇ ಹೇಳ್ತೀನಿ. ಚಿಕ್ಕ ಸೈಜುಗಳ ಹಿಡಿ ಬೇಕಾದ್ದಕ್ಕಿಂತ ಉದ್ದ, ಅಲ್ಯೂಮಿನಿಯಂ ಕೇಸಿಗೆ ಬಿಗಿ ಮಾಡುವಾಗ ಕೈಗೆ ಅಂದಾಜೇ ಸಿಗಲ್ಲ, ಅದಕ್ಕೆ ನಾನು ಸ್ಪ್ಯಾನರನ್ನ ತಲೆ ಹತ್ರ ಹಿಡ್ಕೋತೀನಿ. ಕಳೆದ ವರ್ಷ ಸ್ಟ್ಯಾಫರ್ಡ್ ಬೈಕ್ ಶೋನ ಆಟೋಜಂಬಲಲ್ಲಿ, ಅದೇ ಹಳೇ ಸಾಮಾನಿನ ಸಂತೆ, ಬಳಸಿದ ಇಂಗ್ಲಿಷ್ ಸ್ಪ್ಯಾನರ್ ನಾಲ್ಕು ಬಿಡಿಬಿಡಿಯಾಗಿ ತಂದೆ, ಹಿಡಿ ಗಿಡ್ಡ, ಬಾಯಿ ತೆಳು, ಉಕ್ಕು ಗಟ್ಟಿ. ಈಗ ಯಾರಾದ್ರೂ ಕೇಳಿದ್ರೆ ಹೊಸ ಕಾಂಬಿನೇಷನ್ ಸೆಟ್ ತಗೊಳ್ಳಿ, ಸಾಕೆಟ್ ಬಿಡಿ, ದಿನಾ ಬೇಕಾಗೋ 3/16, 1/4, 5/16 ಮೂರನ್ನ ಸಂತೇಲಿ ಹುಡುಕಿ ಅಂತೀನಿ.

ಕೊಳ್ಳೋ ಮುಂಚೆ ಗಾಡಿ ವರ್ಷ ಮಾತ್ರ ನೋಡ್ಕೊಳ್ಳಿ. 1960ರ ದಶಕದ ಕೊನೇಲಿ ಬಿಎಸ್ಎ, ಟ್ರಯಂಫ್ ಎರಡೂ ನಿಧಾನವಾಗಿ ಯುಎನ್ಎಫ್ ಥ್ರೆಡ್ಡಿಗೆ (ಅಮೆರಿಕದ ಮಾದರಿಯ ಇಂಚಿನ ಥ್ರೆಡ್ಡು) ಹೋದ್ವು, ಒಂದೇ ಗಾಡೀಲಿ ಎರಡೂ ಜಾತಿ ಸಿಗೋ ವರ್ಷಗಳಿವೆ. ಅಂಥದ್ದಕ್ಕೆ ಎಎಫ್ ಸೆಟ್ಟೂ ಬೇಕು, 7/16, 1/2, 9/16 ಎಎಫ್ ಮೂರು ಇದ್ರೆ ಮುಕ್ಕಾಲು ಕೆಲಸ ಆಗುತ್ತೆ. ಎಎಫ್ ಸ್ಪ್ಯಾನರ್ ಮೇಲೆ ಬರೆದಿರೋ ಅಳತೆ ಬಾಯಿದೇ.