ಮೂರು ವರ್ಷ ಬಳಸಿದ ಮೇಲೆ: ಕಡಿಮೆ ಬೆಲೆಯ .177 ಏರ್ ಪಿಸ್ತೂಲು ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಅದಕ್ಕೂ ಮೊದಲು ಮೂರು ತಿಂಗಳಾದರೂ ಯಾವುದಾದರೂ ಶೂಟಿಂಗ್ ರೇಂಜಿಗೆ ಹೋಗಿ, ಅಲ್ಲಿಯ ಪಿಸ್ತೂಲು ಹಿಡಿದು ಅಭ್ಯಾಸ ಮಾಡಿರಬೇಕು. ಮನೆಯಲ್ಲಿ ದಿನಾ ಅರ್ಧ ಗಂಟೆ ಕೊಡುವ ಮನಸ್ಸಿರಬೇಕು. ಇವೆರಡೂ ಇಲ್ಲ ಅಂದರೆ ಆ ದುಡ್ಡು ಉಳಿಸಿಕೊಳ್ಳಿ. ರೇಂಜಿನಲ್ಲಿ ಹೊಸಬರು ಕೇಳಿದಾಗಲೆಲ್ಲ ನಾನು ಹೇಳುವ ಮಾತು ಇದೇ.

ನಾನು ಮೈಸೂರಿನ ಕುವೆಂಪುನಗರದವಳು. ವಯಸ್ಸು ನಲವತ್ತೈದು. ಆಫೀಸು, ಅಡುಗೆ, ಮಗನ ಓದು ಎಲ್ಲದರ ನಡುವೆ 2021ರ ಕೊನೆಯಲ್ಲಿ ಶೂಟಿಂಗ್ ಕಲಿಯಲು ಸೇರಿದೆ. ಆ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟಿದ್ದನ್ನು ಟಿವಿಯಲ್ಲಿ ನೋಡಿ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಆಟದ ಹೆಸರು ನನ್ನ ಮನಸ್ಸಿನಲ್ಲಿ ಕೂತದ್ದು ಅವತ್ತೇ. ಅವರು 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದಾಗ ನನ್ನ ಹತ್ತಿರ ಸ್ವಂತ ಪಿಸ್ತೂಲು ಬಂದು ಎರಡು ವರ್ಷ ಆಗಿತ್ತು.

ಮೊದಲು ನಾನು ಆಸೆಪಟ್ಟಿದ್ದು .22 ಪಿಸ್ತೂಲಿಗೆ. 25 ಮೀಟರ್ ಸ್ಪರ್ಧೆಯಲ್ಲಿ ಬಳಸುವುದು ಅದನ್ನೇ. ಗುಂಡು ಚಿಕ್ಕದು, ಆದರೆ ಕಾನೂನಿನ ಲೆಕ್ಕದಲ್ಲಿ ಅದು ಪೂರ್ತಿ ಬಂದೂಕೇ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಮೈಸೂರು ನಗರದಲ್ಲಾದರೆ ಪೊಲೀಸ್ ಕಮಿಷನರ್ ಕೊಡಬೇಕು, ಮಂಡ್ಯದಲ್ಲಾದರೆ ಜಿಲ್ಲಾಧಿಕಾರಿ. ಯಾಕೆ ಬೇಕು ಅಂತ ತೋರಿಸಬೇಕು, ಪೊಲೀಸ್ ವಿಚಾರಣೆ ಆಗಬೇಕು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರುವ ಓಡಾಟ ಬೇರೆ. ಪಾಂಡವಪುರದ ಕಡೆ ನಮ್ಮ ನೆಂಟರೊಬ್ಬರ ಬಂದೂಕು ಹಾಗೆ ಎಷ್ಟು ಸಲ ಠಾಣೆ ನೋಡಿ ಬಂದಿದೆಯೋ. ಕೋಚ್ ಸರ್ ನನ್ನ ಕಾಗದ ಪತ್ರಗಳ ಮಾತು ಕೇಳಿ, "ಮೇಡಂ, ಮೊದಲು ಹತ್ತು ಮೀಟರಿನಲ್ಲಿ ಕೈ ಅಲುಗದೆ ನಿಲ್ಲಲಿ. ಆಮೇಲೆ ನೋಡೋಣ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಹತ್ತು ಮೀಟರ್ ಸ್ಪರ್ಧೆ ಎಂದರೆ 4.5 ಮಿಲಿಮೀಟರ್ ಏರ್ ಪಿಸ್ತೂಲು. ಇಂಚಿನ ಲೆಕ್ಕದಲ್ಲಿ ಅದನ್ನೇ .177 ಅನ್ನುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ 4.5 ಮಿಲಿಮೀಟರ್ ಮೀರದೆ, ಹೊಡೆತದ ಶಕ್ತಿ 20 ಜೂಲ್ ಮೀರದೆ ಇದ್ದರೆ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ನನ್ನದರ ಲೆಕ್ಕ ಹೀಗಿದೆ: ಪೆಲೆಟ್, ಅಂದರೆ ಇದರ ಪುಟ್ಟ ಗುಂಡು, ಅರ್ಧ ಗ್ರಾಂ; ವೇಗ ಸೆಕೆಂಡಿಗೆ ಸುಮಾರು 120 ಮೀಟರ್. ಅಲ್ಲಿಗೆ 3.6 ಜೂಲ್. ಮಿತಿಗಿಂತ ಎಷ್ಟೋ ಕೆಳಗೆ. ಹಾಗಂತ ಆಟದ ಸಾಮಾನು ಅಂದುಕೊಳ್ಳಬೇಡಿ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಅಂಗಡಿಯವರು ಗುರುತಿನ ಚೀಟಿ, ವಿಳಾಸದ ಪ್ರತಿ ತೆಗೆದುಕೊಂಡು ಬಿಲ್ ಕೊಟ್ಟರು. ಆ ಬಿಲ್ಲಿನ ಒಂದು ಪ್ರತಿ ಈಗಲೂ ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇದೆ.

ನನಗೆ ಬಿದ್ದದ್ದು 24,000 ರೂಪಾಯಿ. ಸ್ಪರ್ಧೆಯಲ್ಲಿ ದೊಡ್ಡವರು ಹಿಡಿಯುವ ಸ್ಟೈಯರ್, ಮೊರಿನಿ, ಪಾರ್ಡಿನಿ ಬೇಕಂದರೆ ಲಕ್ಷದ ಮೇಲೆ ಎಣಿಸಬೇಕು. ಅದನ್ನು ನೋಡಿದರೆ ನನ್ನದು ಅಗ್ಗವೇ. ಕಂಪನಿಯ ಹೆಸರು ಹೇಳುವುದಿಲ್ಲ. ಈ ಬೆಲೆಯ ಪಿಸ್ತೂಲುಗಳೆಲ್ಲ ಹೆಚ್ಚು ಕಮ್ಮಿ ಒಂದೇ ತರಹ.

ಕೆಲಸ ಮಾಡುವ ರೀತಿ ಸರಳ. ಮೇಲಿನ ಲಿವರ್ ಎತ್ತಬೇಕು, ಪೆಲೆಟ್ ಇಡಬೇಕು, ಲಿವರ್ ಒತ್ತಿ ಮುಚ್ಚಬೇಕು. ಆ ಒಂದೇ ಒತ್ತಿಗೆ ಗಾಳಿ ತುಂಬುತ್ತದೆ. ಪ್ರತಿ ಸಲವೂ ಅಷ್ಟೇ ಗಾಳಿ, ಅಷ್ಟೇ ವೇಗ. ಸ್ಪ್ರಿಂಗ್ ಪಿಸ್ತೂಲಿನ ಹಾಗೆ ಕೈಯಲ್ಲಿ ಕುಣಿಯುವುದಿಲ್ಲ. ಕಲಿಯುವವರಿಗೆ ಇದು ದೊಡ್ಡ ವರ. ತಪ್ಪಾದರೆ ಅದು ನಮ್ಮ ಕೈಯದೇ ಅಂತ ತಕ್ಷಣ ಗೊತ್ತಾಗುತ್ತದೆ.

ತೊಂದರೆ ಇರುವುದೂ ಆ ಲಿವರಿನಲ್ಲೇ. ಸ್ಪರ್ಧೆ ಎಂದರೆ 75 ನಿಮಿಷದಲ್ಲಿ 60 ಗುಂಡು. ಮೊದಲು ಹೆಂಗಸರಿಗೆ 40 ಇತ್ತು, 2018ರಿಂದ ನಮಗೂ 60. ದುಬಾರಿ ಪಿಸ್ತೂಲಿನಲ್ಲಿ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುತ್ತದೆ, ಅವರಿಗೆ ಈ ಶ್ರಮವೇ ಇಲ್ಲ. ನಾವು ಅರವತ್ತು ಸಲ ಲಿವರ್ ಒತ್ತಬೇಕು. ನಲವತ್ತನೆಯದು ಮುಗಿಯುವ ಹೊತ್ತಿಗೆ ಬಲಗೈ ಸಣ್ಣಗೆ ನಡುಗಲು ಶುರು. ಮೊದಲ ಆರು ತಿಂಗಳು ನನ್ನ ಕೊನೆಯ ಇಪ್ಪತ್ತು ಗುಂಡಿನ ಅಂಕ ನೋಡಿ ಅಳು ಬಂದದ್ದೂ ಉಂಟು. ಈಗ ನಳಿಕೆ ಗುರಿಯ ಕಡೆಗೇ ಇಟ್ಟುಕೊಂಡು, ಪಿಸ್ತೂಲನ್ನು ಮೇಜಿಗೆ ಊರಿ, ಎಡಗೈಯಲ್ಲಿ ಲಿವರ್ ಒತ್ತುತ್ತೇನೆ. ಬಲಗೈಗೆ ಅಷ್ಟರಲ್ಲಿ ವಿಶ್ರಾಂತಿ. ಇದೊಂದೇ ಬದಲಾವಣೆಯಿಂದ ಆರೇಳು ಅಂಕ ಜಾಸ್ತಿ ಬಂತು.

ಟ್ರಿಗರ್ ಹೊಸದರಲ್ಲಿ ಗಟ್ಟಿ. ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು, ಅದಕ್ಕಿಂತ ಹಗುರ ಇರುವಂತಿಲ್ಲ. ಅಳೆಯಲು ಬೀದಿ ಕೊನೆಯ ದಿನಸಿ ಅಂಗಡಿಯಿಂದ ತೂಕದ ಕಲ್ಲುಗಳನ್ನು ಕೇಳಿ ತಂದೆ. ಪೆಲೆಟ್ ಇಲ್ಲದ ಪಿಸ್ತೂಲನ್ನು ನೆಟ್ಟಗೆ ಮೇಲ್ಮುಖ ಹಿಡಿದು, ಟ್ರಿಗರಿಗೆ ದಾರ ಕಟ್ಟಿ ಕಲ್ಲು ತೂಗುಬಿಟ್ಟೆ. ಒಂದು ಕೆಜಿ ಕಲ್ಲಿಗೂ ಟ್ರಿಗರ್ ಜಗ್ಗಲಿಲ್ಲ! ಸ್ಕ್ರೂ ತಿರುಗಿಸಿ ತಿರುಗಿಸಿ ಅರ್ಧ ಕೆಜಿಗಿಂತ ಸ್ವಲ್ಪ ಮೇಲಕ್ಕೆ ತಂದು ನಿಲ್ಲಿಸಿದೆ. ಕೊಳ್ಳುವಾಗ ನೀವು ಕೇಳಲೇಬೇಕಾದ ಪ್ರಶ್ನೆ ಇದು: ಟ್ರಿಗರ್ ಹೊಂದಿಸಲು ಸ್ಕ್ರೂ ಇದೆಯಾ? ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಸಿ ಬನ್ನಿ.

ಇನ್ನು ಹಿಡಿ. ಅದು ಗಂಡಸರ ಅಂಗೈ ಅಳತೆಗೆ ಮಾಡಿದ ಮರದ ಹಿಡಿ. ನನ್ನ ಕೈ ಚಿಕ್ಕದು. ಬೆರಳು ಟ್ರಿಗರಿಗೆ ತಲುಪಲು ಮಣಿಕಟ್ಟು ಸೊಟ್ಟ ಮಾಡಬೇಕಿತ್ತು. ಎಲ್ಲಾ ಗುಂಡೂ ಎಡಕ್ಕೆ ಹೋಗುತ್ತಿತ್ತು. ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡುವ ಪರಿಚಯದವರೊಬ್ಬರು ಇದ್ದಾರೆ. ಅವರ ಹತ್ತಿರ ಹಿಡಿಯನ್ನು ಮಾತ್ರ ಬಿಚ್ಚಿಕೊಂಡು ಹೋದೆ. ನನ್ನ ಕೈಯನ್ನು ಅದರ ಮೇಲೆ ಇಡಿಸಿ, ಪೆನ್ಸಿಲ್ ಗುರುತು ಹಾಕಿ, ಅರ ಹಿಡಿದು ಸ್ವಲ್ಪ ಸ್ವಲ್ಪವೇ ಉಜ್ಜಿದರು. ಖಾಲಿ ಉಳಿದ ಕಡೆ ನಾನು ಎಂ-ಸೀಲ್ ಮೆತ್ತಿದೆ. ಎರಡು ಮಧ್ಯಾಹ್ನದ ಕೆಲಸ. ಮಾರನೇ ವಾರವೇ ಗುಂಡುಗಳು ಮಧ್ಯಕ್ಕೆ ಬಂದವು. 24,000 ಕೊಟ್ಟ ವಸ್ತುವಿಗೆ ಜೀವ ಬಂದದ್ದು ಆ ಎರಡು ಮಧ್ಯಾಹ್ನಗಳಲ್ಲಿ ಅಂತ ನನಗೆ ಅನಿಸುತ್ತದೆ.

ನಲವತ್ತು ದಾಟಿದವರಿಗೆ ಒಂದು ಮಾತು. ಚಾಳೀಸು ಬಂದ ಮೇಲೆ ನಳಿಕೆಯ ತುದಿಯಲ್ಲಿರುವ ಗುರಿಕಡ್ಡಿ ಮಂಜು ಮಂಜು. ಗುರಿಹಲಗೆ ಮಂಜಾದರೂ ಪರವಾಗಿಲ್ಲ, ಆ ಕಡ್ಡಿ ಮಾತ್ರ ಚೂಪಾಗಿ ಕಾಣಲೇಬೇಕು. ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ. ಕೈ ಚಾಚಿದಷ್ಟು ದೂರಕ್ಕೆ ಸರಿಯಾಗುವ ಗಾಜು ಬೇಕು ಅಂತ ಕನ್ನಡಕದ ಅಂಗಡಿಯಲ್ಲಿ ಬಿಡಿಸಿ ಹೇಳಿ ಮಾಡಿಸಿಕೊಳ್ಳಿ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು.

ಮನೆಯಲ್ಲಿ ಜಾಗ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು 30x40 ಸೈಟು. 40 ಅಡಿ ಎಂದರೆ 12 ಮೀಟರಿಗೆ ಸ್ವಲ್ಪ ಹೆಚ್ಚು. ಮನೆಯ ಪಕ್ಕದ ಓಣಿ ಹಿಂದಿನ ಗೋಡೆಯವರೆಗೂ ಉದ್ದಕ್ಕೆ ಇರುವುದರಿಂದ ಹತ್ತು ಮೀಟರ್ ಸಿಕ್ಕಿಬಿಟ್ಟಿತು. ಗುರಿಹಲಗೆಯ ಮಧ್ಯಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ತಾರಸಿಯ ಮೇಲೆ ಅಭ್ಯಾಸ ಮಾಡಲೇಬೇಡಿ ಅನ್ನುವುದು ಇದಕ್ಕೇ. ಅಲ್ಲಿ ಮೋಟುಗೋಡೆ ಮೂರಡಿ, ತಪ್ಪಿದ ಪೆಲೆಟ್ ಯಾರ ಮನೆಗೋ. ವೆಲ್ಡಿಂಗ್ ಅಂಗಡಿಯಲ್ಲಿ ಒಳಗೆ ಓರೆ ತಗಡಿರುವ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಹಿಂದೆ ದಪ್ಪ ಕಂಬಳಿ ಇಳಿಬಿಟ್ಟಿದ್ದೇನೆ. ಶುರುವಿನಲ್ಲಿ ಪಕ್ಕದ ಮನೆಯ ಅಂಕಲ್ ಕಾಂಪೌಂಡ್ ಮೇಲಿಂದ ನೋಡಿ ಗಾಬರಿಯಾಗಿ ಬಂದರು. ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ನೋಡಲು ಇದು ನಿಜವಾದ ಪಿಸ್ತೂಲಿನ ಹಾಗೇ ಇರುತ್ತದೆ, ಅಲ್ವಾ? ಬಿಲ್ಲು, ಪೆಲೆಟ್, ಪೆಟ್ಟಿಗೆ ಎಲ್ಲ ತೋರಿಸಿದ ಮೇಲೆ ಸಮಾಧಾನವಾದರು. ಅಭ್ಯಾಸ ಮುಗಿದ ತಕ್ಷಣ ಪಿಸ್ತೂಲು ಬೀರುವಿನೊಳಗೆ ಹೋಗುತ್ತದೆ, ಬೀಗದ ಕೈ ನನ್ನ ಹತ್ತಿರ. ಮನೆಯಲ್ಲಿ ಹನ್ನೊಂದು ವರ್ಷದ ಹುಡುಗ ಇದ್ದಾನೆ. ಪೆಲೆಟ್ ಸೀಸದ್ದು, ಹಾಗಾಗಿ ಕೈ ಸೋಪು ಹಾಕಿ ತೊಳೆಯದೆ ನಾನು ಅಡುಗೆಮನೆಗೆ ಕಾಲಿಡುವುದಿಲ್ಲ.

ಮೂರು ವರ್ಷದಲ್ಲಿ ಸುಮಾರು 40 ಡಬ್ಬಿ ಪೆಲೆಟ್ ಮುಗಿದಿದೆ. ಅಂದರೆ 20,000 ಪೆಲೆಟ್. ಆ ಖರ್ಚು ಪಿಸ್ತೂಲಿನ ಬೆಲೆಯನ್ನು ದಾಟಿ ಹೋಗಿದೆ. ಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ತಲೆ ಚಪ್ಪಟೆ ಇರುವ ಪೆಲೆಟ್ಟೇ ತನ್ನಿ, ಕಾಗದದಲ್ಲಿ ತೂತು ನೀಟಾಗಿ ಬೀಳುತ್ತದೆ.

ಕೆಟ್ಟದ್ದು ಎರಡು ಸಲ. ಒಮ್ಮೆ ಪಿಸ್ತೂಲಿನ ಮೇಲೆ ಹಿಂದುಗಡೆ ಇರುವ ಗುರಿಪಟ್ಟಿಯ ಸ್ಕ್ರೂ ಸಡಿಲವಾಗಿ, ಎರಡು ವಾರ ನನ್ನ ಕೈಯನ್ನೇ ಬೈದುಕೊಂಡೆ. ಈಗ ಸ್ಕ್ರೂ ಮೇಲೆ ನೈಲ್ ಪಾಲಿಶ್ ಗೆರೆ ಎಳೆದಿದ್ದೇನೆ, ಸ್ವಲ್ಪ ಅಲುಗಿದರೂ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಮೊದಲ ದಸರಾದ ಆಯುಧಪೂಜೆ. ಅತ್ತೆ ಭಕ್ತಿಯಿಂದ ಸ್ಕೂಟರು, ಹೊಲಿಗೆ ಮಿಷನ್ನು, ಈಳಿಗೆಮಣೆ ಜೊತೆ ಪಿಸ್ತೂಲನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ಲಿವರ್ ತೆರೆದಿತ್ತು. ಪುಡಿ ಒಳಗೆ ಹೋಗಿ ರಬ್ಬರ್ ಸೀಲ್ ಗೀಚಿ ಹಾಳಾಯಿತು, ಗಾಳಿ ಸೋರಲು ಶುರುವಾಯಿತು. ಬೇರೆ ಊರಿನ ಮಾರಾಟಗಾರರೊಬ್ಬರಿಗೆ ಕಳಿಸಿದ್ದು ಎರಡು ತಿಂಗಳು ಬರಲೇ ಇಲ್ಲ. ಫೋನ್ ಮಾಡಿ ಮಾಡಿ ಸಾಕಾಯಿತು. ಆ ಸೀಲಿನ ಬೆಲೆ ಎಷ್ಟು ಗೊತ್ತಾ? ಮುನ್ನೂರು ರೂಪಾಯಿ. ಬಿಡಿ ಸೀಲುಗಳನ್ನು ಕೊಳ್ಳುವ ದಿನವೇ ನಾಲ್ಕು ಜಾಸ್ತಿ ತೆಗೆದುಕೊಳ್ಳಿ. ಎಣ್ಣೆ ಹಾಕುವುದಾದರೆ ಸಿಲಿಕೋನ್ ಎಣ್ಣೆ ಒಂದು ಹನಿ, ಹೊಲಿಗೆ ಮಿಷನ್ನಿನ ಎಣ್ಣೆ ಬೇಡ. ಈಗ ಪೂಜೆಗೆ ಪೆಟ್ಟಿಗೆ ಮುಚ್ಚಿಯೇ ಇಡುತ್ತೇವೆ. ಅತ್ತೆ ಅದರ ಮೇಲೆ ಕುಂಕುಮ ಇಟ್ಟು ಹೂವು ಏರಿಸುತ್ತಾರೆ.

ಊರಿಗೆ ಹೋದಾಗ ಭಾವ, "ನವಿಲು ಹೊಲಕ್ಕೆ ನುಗ್ಗುತ್ತವೆ, ಒಂದು ವಾರ ಕೊಟ್ಟು ಹೋಗಮ್ಮ" ಅಂದರು. ಅವರ ಕಷ್ಟ ನನಗೆ ಗೊತ್ತು, ಬಿತ್ತಿದ ಕಾಳು ಉಳಿಯುವುದಿಲ್ಲ. ಆದರೂ ಕೊಡಲಿಲ್ಲ. ನವಿಲಿಗೆ ಕಾನೂನಿನ ಪೂರ್ತಿ ರಕ್ಷಣೆ ಇದೆ, ಹೊಡೆದರೆ ಜೈಲು. ಅದಿರಲಿ, ಇಷ್ಟು ಕಡಿಮೆ ಶಕ್ತಿಯ ಪೆಲೆಟ್ ತಾಗಿದ ಪ್ರಾಣಿ ಸಾಯದೆ ದಿನಗಟ್ಟಲೆ ನರಳುತ್ತದೆ. ಕೋತಿ, ನಾಯಿ ಓಡಿಸಲು ಅಂತಲೋ, ಮನೆ ಕಾವಲಿಗೆ ಅಂತಲೋ ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಕಾಗದದ ಗುರಿಗೆ ಮಾತ್ರ ಮಾಡಿದ ವಸ್ತು ಇದು.

ಅಂಕದ ಮಾತು ಹೇಳಿಬಿಡುತ್ತೇನೆ. ಶುರುವಿನಲ್ಲಿ 600ಕ್ಕೆ 431. ಈಗ ಇದರಲ್ಲೇ 530ರ ಆಸುಪಾಸು. ಹೋದ ತಿಂಗಳು ಇದರಲ್ಲಿ 530 ಬಂದ ದಿನವೇ ಗೆಳತಿಯ ದುಬಾರಿ ಪಿಸ್ತೂಲಿನಲ್ಲೂ ಹೊಡೆದು ನೋಡಿದೆ, 539 ಬಂತು. ಒಂಬತ್ತು ಅಂಕಕ್ಕೆ ಲಕ್ಷಗಟ್ಟಲೆ. ರಾಜ್ಯ ಮಟ್ಟದಲ್ಲಿ ಮುಂದೆ ಹೋಗುವ ಹುಡುಗಿಯರಿಗೆ ಆ ಒಂಬತ್ತೇ ಎಲ್ಲ, ಅವರು ಸಾಲ ಮಾಡಿಯಾದರೂ ಕೊಳ್ಳಲಿ. ನನಗೆ ಇನ್ನೂ ಇಪ್ಪತ್ತು ಅಂಕ ನನ್ನ ಕೈಯಲ್ಲೇ ಬಾಕಿ ಇದೆ. 550 ಬರುವವರೆಗೂ ಇದನ್ನು ಮಾರುವುದಿಲ್ಲ. ಮೊನ್ನೆಯಿಂದ ಗಾಳಿ ಸ್ವಲ್ಪ ಸೋರುತ್ತಿದೆ, ಭಾನುವಾರ ಕೂತು ಮೂರನೇ ಸೀಲ್ ಹಾಕಬೇಕು.