ಕೇಂಬ್ರಿಡ್ಜ್‌ಗೆ ಮಕ್ಕಳನ್ನು ಕರೆದೊಯ್ಯುವವರೇ, ದೋಣಿ ಹುಡುಗರ ಮಾತಿಗೆ ಮರುಳಾಗಬೇಡಿ

ಮಗಳಿಗೋ ಮಗನಿಗೋ ಕೇಂಬ್ರಿಡ್ಜ್ ತೋರಿಸಬೇಕು ಅಂತಿರುವವರು ಇದನ್ನು ಓದಿಕೊಂಡು ಹೊರಡಿ. ಮೇ ಕೊನೆಯ ವಾರದ ರಜೆಯಲ್ಲಿ ನಾವು ಮೂವರೂ ಹೋಗಿ, 105 ಪೌಂಡಿಗೆ ನಾಮ ಹಾಕಿಸಿಕೊಂಡು ಬಂದೆವು.

ಮೊದಲ ತಪ್ಪು ನಮ್ಮದೇ. ವಿಶ್ವವಿದ್ಯಾಲಯ ಅಂದರೆ ನನ್ನ ತಲೆಯಲ್ಲಿದ್ದದ್ದು ಮಾನಸಗಂಗೋತ್ರಿ. ದೊಡ್ಡ ಆವರಣ, ಒಳಗೆ ಮರಗಳು, ಮರಗಳ ನಡುವೆ ವಿಭಾಗಗಳು. ಇಲ್ಲಿ ಅಂಥದ್ದೇನೂ ಇಲ್ಲ. 31 ಕಾಲೇಜುಗಳು ಊರ ತುಂಬ ಹರಡಿಕೊಂಡಿವೆ. ಒಂದೊಂದಕ್ಕೂ ಅದರದೇ ಗೋಡೆ, ಅದರದೇ ಬಾಗಿಲು, ಬಾಗಿಲು ಕಾಯಲು ಒಬ್ಬ ಪೋರ್ಟರ್. ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಪರೀಕ್ಷೆಯ ಕಾಲ. ಆಗ ಬಹಳಷ್ಟು ಕಾಲೇಜುಗಳು ನೋಡಲು ಬಂದವರನ್ನು ಒಳಗೆ ಬಿಡುವುದಿಲ್ಲ. ನಮಗಿದು ಗೊತ್ತಿರಲಿಲ್ಲ, ಗೊತ್ತಿದ್ದವನು ಬಾಯಿ ಬಿಡಲಿಲ್ಲ.

ಕಿಂಗ್ಸ್ ಪೆರೇಡ್ ಬೀದಿಯಲ್ಲಿ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡ ಹುಡುಗನೊಬ್ಬ ಅಡ್ಡ ಬಂದ. ತಾನೂ ಇಲ್ಲೇ ಓದುವವನಂತೆ. ದೋಣಿ ವಿಹಾರ, ನಿಮಗೆ ಮಾತ್ರ ಬೇರೆ ದೋಣಿ, ಜೊತೆಗೆ ಕಾಲೇಜು ದರ್ಶನ, ತಲೆಗೆ 35 ಪೌಂಡ್, ಈ ರೇಟು ಇವತ್ತಿಗಷ್ಟೇ. ಹಂಪಿಯಲ್ಲಿ ಇಂಥವರನ್ನು ಮಾರು ದೂರದಿಂದಲೇ ಗುರುತಿಸುವ ನನ್ನ ಗಂಡ, ಇಂಗ್ಲೆಂಡಿನಲ್ಲಿ ಹಾಗೆಲ್ಲ ಇರಲ್ಲ ಬಿಡು ಅಂತ ಕಾರ್ಡ್ ತೆಗೆದೇಬಿಟ್ಟರು.

ಆ 'ಬೇರೆ ದೋಣಿ'ಯಲ್ಲಿ ನಮ್ಮೊಂದಿಗೆ ಇನ್ನೂ ಒಂಬತ್ತು ಜನ. ಕಾಲೇಜು ದರ್ಶನ ಅಂದರೆ ಕ್ಯಾಮ್ ನದಿಯಲ್ಲಿ ಕೂತು ಕಾಲೇಜುಗಳ ಹಿತ್ತಿಲು ನೋಡುವುದು. (ಆ ಜಾಗದ ಹೆಸರೇ 'ಬ್ಯಾಕ್ಸ್', ಅಷ್ಟರ ಮಟ್ಟಿಗೆ ಸುಳ್ಳಲ್ಲ.) ಕ್ವೀನ್ಸ್ ಕಾಲೇಜಿನ ಮರದ ಸೇತುವೆ ಬಂದಾಗ ಜಲ್ಲೆ ಹಿಡಿದು ದೋಣಿ ನೂಕುತ್ತಿದ್ದವನು ಕಥೆ ಶುರು ಮಾಡಿದ: ಇದನ್ನು ನ್ಯೂಟನ್ ಒಂದೂ ಬೋಲ್ಟ್ ಇಲ್ಲದೆ ಕಟ್ಟಿದ, ವಿದ್ಯಾರ್ಥಿಗಳು ಬಿಚ್ಚಿ ನೋಡಿ ಮತ್ತೆ ಜೋಡಿಸಲಾಗದೆ ಬೋಲ್ಟ್ ಜಡಿದರು. ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ನ್ಯೂಟನ್ ತೀರಿಕೊಂಡಿದ್ದು 1727ರಲ್ಲಿ" ಅಂದಳು. ಸೇತುವೆ ಕಟ್ಟಿದ್ದು 1749ರಲ್ಲಿ! ಈಗಿರುವುದು ಅದೇ ವಿನ್ಯಾಸದಲ್ಲಿ 1905ರಲ್ಲಿ ತೇಗದಿಂದ ಮರಳಿ ಕಟ್ಟಿದ್ದು. ಗಣಿತ ಓದಬೇಕೆಂದು ಬಂದ ಹುಡುಗಿಗೆ ಹೇಳಲು ಇವನಿಗೆ ಇದೇ ಕಥೆ ಸಿಗಬೇಕಿತ್ತೇ.

ದೋಣಿ ಇಳಿದಾಗ ಬ್ಯಾಡ್ಜಿನವನ ಪತ್ತೆಯಿಲ್ಲ. ರಸೀದಿ ಬಿಡಿಸಿ ನೋಡಿದರೆ 'ಶೇರ್ಡ್ ಬೋಟ್' ಅಂತಲೇ ಬರೆದಿತ್ತು, ಕಾಲೇಜಿನ ಸುದ್ದಿಯೇ ಇಲ್ಲ. ಹಾಗಾಗಿ ದುಡ್ಡು ವಾಪಸ್ ಕೇಳಲೂ ದಾರಿಯಿರಲಿಲ್ಲ. ಮಾತಿನಲ್ಲಿ ಹೇಳಿದ್ದೆಲ್ಲ ಚೀಟಿಯಲ್ಲಿದೆಯಾ ಅಂತ ಕಾರ್ಡ್ ತೆಗೆಯುವ ಮುಂಚೆಯೇ ನೋಡಿ.

ಮಗಳು ಆಸೆಪಟ್ಟದ್ದು ಒಂದೇ. 1914ರಲ್ಲಿ ಟ್ರಿನಿಟಿ ಕಾಲೇಜಿಗೆ ಬಂದ ರಾಮಾನುಜನ್ ವಾಸವಿದ್ದ, ಹ್ಯೂಯೆಲ್ಸ್ ಕೋರ್ಟ್ ಎಂಬ ಅಲ್ಲಿನ ಕಟ್ಟಡ ನೋಡುವುದು. ಬಾಗಿಲಲ್ಲಿ ಪರೀಕ್ಷೆಯ ಬೋರ್ಡು. ಟ್ರಿನಿಟಿಯ ದೊಡ್ಡ ಬಾಗಿಲ ಪಕ್ಕದ, ನ್ಯೂಟನ್ ಮನೆಯ ಸೇಬಿನ ಮರದ ಸಂತತಿ ಅನ್ನುವ ಮರವನ್ನು ಬೀದಿಯಿಂದಲೇ ನೋಡಿದೆವು. ಅದಕ್ಕೆ ಕಾಸಿಲ್ಲ.

ಅಲ್ಲಿದ್ದ ಪೋರ್ಟರ್ ಮಾತ್ರ ಸಜ್ಜನ. ಪ್ರವೇಶಾತಿ ಕಚೇರಿಗೆ ಮೊದಲೇ ಒಂದು ಮೇಲ್ ಹಾಕಿದ್ದರೆ ಸರಿಯಾದ ದಿನ ಹೇಳುತ್ತಿದ್ದರು ಅಂದ. ಓದಲು ಬಯಸುವವರಿಗೆ ಕಾಲೇಜು ತೋರಿಸುವ ಮುಖ್ಯ ಓಪನ್ ಡೇ ಜುಲೈನಲ್ಲಿ, ಕೆಲವು ಕಾಲೇಜುಗಳದ್ದು ಸೆಪ್ಟೆಂಬರಿನಲ್ಲೂ ಇರುತ್ತದಂತೆ. ಪುಕ್ಕಟೆ, ಆದರೆ ಮುಂಗಡ ಬುಕ್ ಮಾಡಲೇಬೇಕು. ಅರ್ಜಿಗೆ ಕೊನೆ ದಿನ ಅಕ್ಟೋಬರ್ 15, ಆದ್ದರಿಂದ ಸೆಪ್ಟೆಂಬರಿಗೆ ಕಾಯುತ್ತ ಕೂತರೆ ಕಾಲೇಜು ಆರಿಸಲು ಪುರುಸೊತ್ತೇ ಇರುವುದಿಲ್ಲ. ಅವನೇ ಹೇಳಿದ ಇನ್ನೊಂದು ಸಂಗತಿ: ಗಣಿತ ವಿಭಾಗ ಈ ಹಳೇ ಬೀದಿಗಳಲ್ಲಿ ಇಲ್ಲವೇ ಇಲ್ಲ. ನದಿಯಾಚೆ, ಊರ ಪಶ್ಚಿಮಕ್ಕೆ, ವಿಲ್ಬರ್‌ಫೋರ್ಸ್ ರಸ್ತೆಯಲ್ಲಿದೆ. ಅತ್ತ ಯಾವ ದೋಣಿಯೂ ಹೋಗುವುದಿಲ್ಲ.

ಜುಲೈಗೆ ಬುಕ್ ಮಾಡಿದ್ದೇವೆ. ಸ್ಟೇಷನ್‌ನಿಂದ ವಿಲ್ಬರ್‌ಫೋರ್ಸ್ ರಸ್ತೆಗೆ ನಡೆಯುವ ದಾರಿಯನ್ನು ಮಗಳು ಬರೆದಿಟ್ಟುಕೊಂಡಿದ್ದಾಳೆ. ಕಿಂಗ್ಸ್ ಪೆರೇಡ್ ತಪ್ಪಿಸಿ.